ನಮ್ಮ ತಲೆಗೂ ಸ್ವಲ್ಪ ಕೆಲಸ ಉಳಿಸಿ: ಸಾಫ್ಟ್‌ವೇರ್ ರೂಪಿಸುವವರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಫೋನು, ಆ್ಯಪ್, ಮ್ಯಾಪ್, ಸ್ಪ್ರೆಡ್‌ಶೀಟ್, ಚಾಟ್‌ಬಾಟ್ ಇವೆಲ್ಲ ಹೇಗಿರಬೇಕು ಎಂದು ತೀರ್ಮಾನಿಸುವ ಎಂಜಿನಿಯರುಗಳಿಗೆ, ಡಿಸೈನರುಗಳಿಗೆ ಮತ್ತು ಅವರ ಮೇಲಧಿಕಾರಿಗಳಿಗೆ

ಮಾನ್ಯರೇ,

ನಾನು ಹೈಸ್ಕೂಲು ಮಕ್ಕಳಿಗೆ ಗಣಿತ ಕಲಿಸುವ ಶಿಕ್ಷಕಿ. ನೀವೆಲ್ಲ ಒಂದು ಕಾಲಕ್ಕೆ ನನ್ನಂಥವರ ತರಗತಿಯಲ್ಲಿ ಕೂತು ಎದ್ದು ಹೋದವರೇ. ಆ ಸಲುಗೆಯಿಂದ ಈ ಪತ್ರ ಬರೆಯುತ್ತಿದ್ದೇನೆ. ನನ್ನದೊಂದು ದೂರಿದೆ, ಅದರ ಜೊತೆಗೆ ಕೆಲವು ವಿನಂತಿಗಳಿವೆ.

ದೂರು ಇಷ್ಟು. ನೀವು ಕೊಡುವ ಸಾಧನಗಳು ನಮ್ಮ ಕೆಲಸವನ್ನು ಬೇಗ ಮುಗಿಸುತ್ತವೆ. ಆದರೆ ಅವನ್ನು ಪಕ್ಕಕ್ಕಿಟ್ಟ ಮೇಲೆ ನಮ್ಮ ತಲೆಯಲ್ಲಿ ಏನು ಉಳಿಯುತ್ತದೆ ಎಂದು ನೀವು ನೋಡುತ್ತಿಲ್ಲ. ಎಷ್ಟು ಹೊತ್ತು ಬಳಸಿದರು, ಎಷ್ಟು ಸಲ ಒತ್ತಿದರು, ಮತ್ತೆ ಯಾವಾಗ ಬಂದರು ಎಂದೆಲ್ಲ ಅಳೆಯುತ್ತೀರಿ. ಬಳಸಿದವರು ಮೊದಲಿಗಿಂತ ಚೆನ್ನಾಗಿ ಯೋಚಿಸುತ್ತಿದ್ದಾರಾ ಎಂದು ಅಳೆಯುವವರು ತೀರಾ ಕಡಿಮೆ.

ತರಗತಿಯಲ್ಲಿ ನನಗೆ ಕಾಣುವುದನ್ನು ಹೇಳುತ್ತೇನೆ. ಮನೆಗೆಲಸದ ಪುಸ್ತಕ ನೋಡಿದರೆ ಉತ್ತರಗಳೆಲ್ಲ ಸರಿ. ಹಂತಗಳೂ ಅಚ್ಚುಕಟ್ಟು. ಅದೇ ಮಗುವನ್ನು ಬೋರ್ಡಿನ ಹತ್ತಿರ ಕರೆದು, "ಈ ಸಾಲಿನಿಂದ ಮುಂದಿನ ಸಾಲಿಗೆ ಹೇಗೆ ಬಂದೆ?" ಎಂದು ಕೇಳಿದರೆ ಸುಮ್ಮನೆ ನಿಲ್ಲುತ್ತದೆ. ಸೋಮಾರಿ ಮಗು ಅಲ್ಲ ಅದು. ಉತ್ತರ ಕಣ್ಣೆದುರು ಬಂದಾಗ ತನಗೆ ಅರ್ಥವಾಯಿತು ಎಂದೇ ಅದು ಪ್ರಾಮಾಣಿಕವಾಗಿ ನಂಬಿರುತ್ತದೆ. ಇನ್ನೊಂದು ವಿಷಯ ನನ್ನನ್ನು ಇದಕ್ಕಿಂತ ಜಾಸ್ತಿ ಕಾಡುತ್ತದೆ. ಕ್ಯಾಲ್ಕುಲೇಟರಿನಲ್ಲಿ ಒಂದು ಸೊನ್ನೆ ತಪ್ಪಿ, ಸಾವಿರದ ಇನ್ನೂರು ಬರಬೇಕಾದ ಕಡೆ ನೂರ ಇಪ್ಪತ್ತು ಬಂದರೆ, ಹಾಗೆಯೇ ಬರೆದಿಡುತ್ತಾರೆ. "ಇಷ್ಟು ಕಡಿಮೆ ಬರಲು ಸಾಧ್ಯವಾ?" ಎಂಬ ಅನುಮಾನವೇ ಏಳುವುದಿಲ್ಲ. ಲೆಕ್ಕ ತಪ್ಪುವುದು ದೊಡ್ಡ ವಿಷಯವಲ್ಲ, ತಿದ್ದಬಹುದು. ಅನುಮಾನ ಏಳದಿದ್ದರೆ ಏನು ತಿದ್ದುವುದು?

ಇದಕ್ಕೆ ಮಕ್ಕಳನ್ನು ಬೈಯುವವರು ಬಹಳ ಜನ ಇದ್ದಾರೆ. ತಂತ್ರಜ್ಞಾನವನ್ನೇ ಬೈಯುವವರೂ ಇದ್ದಾರೆ. ನಾನು ಎರಡನ್ನೂ ಒಪ್ಪುವುದಿಲ್ಲ. ಒಂದೇ ತಂತ್ರಜ್ಞಾನವನ್ನು ಯೋಚನೆಗೆ ನೆರವಾಗುವ ಹಾಗೂ ಮಾಡಬಹುದು, ಅಡ್ಡಿಯಾಗುವ ಹಾಗೂ ಮಾಡಬಹುದು. ಯಾವುದಾಗಬೇಕು ಎಂದು ತೀರ್ಮಾನಿಸುವವರು ನೀವು. ಅದಕ್ಕೇ ಪತ್ರ ನಿಮ್ಮ ಹೆಸರಿಗೆ ಬಂದಿದೆ.

ನಿಮ್ಮದೇ ಕ್ಷೇತ್ರದ ಹಿರಿಯರೊಬ್ಬರ ವಿಷಯದಿಂದ ಶುರು ಮಾಡುತ್ತೇನೆ. ಡಗ್ಲಸ್ ಎಂಗೆಲ್‌ಬಾರ್ಟ್. ಕಂಪ್ಯೂಟರ್ ಮೌಸ್ ಅವರ ಕಲ್ಪನೆ. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅವರು ಮೌಸ್, ಲಿಂಕುಗಳು, ಇಬ್ಬರು ದೂರದಿಂದಲೇ ಒಂದೇ ಬರಹವನ್ನು ತಿದ್ದುವುದು, ವಿಡಿಯೋದಲ್ಲಿ ಮುಖ ನೋಡಿ ಮಾತಾಡುವುದು, ಇವೆಲ್ಲವನ್ನೂ ಒಂದೇ ವೇದಿಕೆಯ ಮೇಲೆ ತೋರಿಸಿದರು. ಅದಕ್ಕೂ ಆರು ವರ್ಷ ಮುಂಚೆ, 1962ರಲ್ಲಿ, ಅವರು ಒಂದು ವರದಿ ಬರೆದಿದ್ದರು. ಮನುಷ್ಯನ ಬುದ್ಧಿಶಕ್ತಿಗೆ ಯಂತ್ರದಿಂದ ಹೇಗೆ ಬಲ ಕೊಡಬಹುದು ಎಂಬುದೇ ಅದರ ವಿಷಯ. ಅದರಲ್ಲಿ ಒಂದು ಸರಳ ಪ್ರಯೋಗ ಇದೆ. ಪೆನ್ಸಿಲನ್ನು ಒಂದು ಇಟ್ಟಿಗೆಗೆ ಕಟ್ಟಿ ಬರೆಸಿ ನೋಡಿದರು. ಬರವಣಿಗೆ ನಿಧಾನವಾಯಿತು, ಅಕ್ಷರ ದಪ್ಪವಾಯಿತು, ಸೊಟ್ಟಗಾಯಿತು. ಆಮೇಲೆ ಅವರು ಕೇಳಿದ ಪ್ರಶ್ನೆ ದೊಡ್ಡದು: ಮನುಷ್ಯರಿಗೆ ಮೊದಲಿಂದಲೂ ಬರೆಯಲು ಇಂಥ ಪೆನ್ಸಿಲ್ ಮಾತ್ರ ಸಿಕ್ಕಿದ್ದರೆ ನಮ್ಮ ನಾಗರಿಕತೆ ಹೇಗೆ ಬೆಳೆಯುತ್ತಿತ್ತು? ಪುಸ್ತಕಗಳು, ಲೆಕ್ಕಪತ್ರ, ವಿಜ್ಞಾನ ಇವೆಲ್ಲ ಏನಾಗುತ್ತಿದ್ದವು?

ಅವರು ಹೇಳಲು ಹೊರಟಿದ್ದು ಇದು. ಯೋಚನೆ ತಲೆಬುರುಡೆಯ ಒಳಗೆ ಮಾತ್ರ ನಡೆಯುವುದಿಲ್ಲ. ಕೈಯಲ್ಲಿರುವ ಸಾಧನದ ಜೊತೆ ಸೇರಿ ನಡೆಯುತ್ತದೆ. ಗಣಿತ ಕಲಿಸುವ ನಮಗೆ ಇದು ದಿನವೂ ಕಾಣುತ್ತದೆ. ರೋಮನ್ ಅಂಕಿಗಳಲ್ಲಿ ಗುಣಾಕಾರ ಮಾಡಿ ನೋಡಿ. ಅದೇ ಗುಣಾಕಾರವನ್ನು ಸೊನ್ನೆ ಮತ್ತು ಸ್ಥಾನಬೆಲೆ ಇರುವ ಅಂಕಿಗಳಲ್ಲಿ ಹತ್ತು ವರ್ಷದ ಮಗು ಮಾಡುತ್ತದೆ. ಮಗುವಿನ ಮಿದುಳು ರೋಮನ್ ಪಂಡಿತರ ಮಿದುಳಿಗಿಂತ ದೊಡ್ಡದೇನಲ್ಲ. ಬರೆಯುವ ಪದ್ಧತಿ ಒಳ್ಳೆಯದು, ಅಷ್ಟೇ. ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಅವರ ಹಾಳೆಗಳನ್ನು ನೋಡಿದ ಇತಿಹಾಸಕಾರ ಚಾರ್ಲ್ಸ್ ವೀನರ್, ಇವು ನಿಮ್ಮ ಕೆಲಸದ ದಾಖಲೆ ಎಂಬರ್ಥದ ಮಾತಾಡಿದಾಗ ಫೈನ್‌ಮನ್ ಒಪ್ಪಲಿಲ್ಲ. ಕೆಲಸ ನಡೆದದ್ದೇ ಆ ಹಾಳೆಯ ಮೇಲೆ ಎಂದರು. ಹಾಗಾಗಿ ಸಾಧನ ಇಲ್ಲದೆ ಬರೀ ತಲೆಯಿಂದ ಯೋಚಿಸಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ನನ್ನ ತಕರಾರು ಇಟ್ಟಿಗೆ ಕಟ್ಟಿದ ಪೆನ್ಸಿಲುಗಳ ಬಗ್ಗೆ. ಜೊತೆಗೆ ಇನ್ನೊಂದು ಬಗೆಯ ಪೆನ್ಸಿಲ್ ಬಗ್ಗೆ. ಅದು ನಮ್ಮ ಪರವಾಗಿ ತಾನೇ ಬರೆದುಬಿಡುತ್ತದೆ. ಸ್ವಲ್ಪ ದಿನ ಕಳೆದರೆ ನಮಗೆ ಬರೆಯಲು ಬರುವುದಿಲ್ಲ.

ಈ ಎರಡನೆಯದನ್ನು ಬಿಡಿಸಿ ಹೇಳಬೇಕು. ಮಣಿಚೌಕಟ್ಟು, ಅಂದರೆ ಅಬ್ಯಾಕಸ್, ನಿಮಗೆ ಗೊತ್ತಿದೆ. ಅದರಲ್ಲಿ ಚೆನ್ನಾಗಿ ಪಳಗಿದವರಿಗೆ ಕೊನೆಗೆ ಆ ಚೌಕಟ್ಟೇ ಬೇಕಾಗುವುದಿಲ್ಲ. ಮನಸ್ಸಿನಲ್ಲೇ ಮಣಿಗಳನ್ನು ಕಂಡು, ಅವನ್ನೇ ಸರಿಸಿ, ದೊಡ್ಡ ದೊಡ್ಡ ಕೂಡುವ ಲೆಕ್ಕ ಹೇಳುತ್ತಾರೆ. ಬೆರಳುಗಳು ಗಾಳಿಯಲ್ಲಿ ಆಡುತ್ತಿರುತ್ತವೆ. ಸಾಧನ ಹೊರಗಿಂದ ಒಳಗೆ ಹೋಗಿ ಕೂತಿರುತ್ತದೆ. ಕ್ಯಾಲ್ಕುಲೇಟರ್ ಎಷ್ಟು ವರ್ಷ ಬಳಸಿದರೂ ಹೀಗೆ ಒಳಗೆ ಹೋಗುವುದಿಲ್ಲ. ಅದರೊಳಗೆ ಏನು ನಡೆಯಿತು ಎಂಬುದು ನಮಗೆ ಕಾಣುವುದೇ ಇಲ್ಲ. ಅಮೆರಿಕದ ಸಾಂಟಾ ಫೆ ಇನ್‌ಸ್ಟಿಟ್ಯೂಟಿನ ವಿಜ್ಞಾನಿ ಡೇವಿಡ್ ಕ್ರಾಕೌರ್ ಈ ಎರಡನ್ನು ಬೇರೆ ಬೇರೆಯಾಗಿ ಗುರುತಿಸಿದ್ದಾರೆ. ಮೊದಲ ಬಗೆಯ ಸಾಧನ ನಮ್ಮ ಶಕ್ತಿಗೆ ಪೂರಕ. ಎರಡನೆಯದು ನಮ್ಮ ಶಕ್ತಿಯ ಜೊತೆ ಪೈಪೋಟಿಗೆ ನಿಲ್ಲುತ್ತದೆ. ಗುರುತಿಸುವುದು ಸುಲಭ. ಸಾಧನವನ್ನು ಕಿತ್ತುಕೊಂಡು ನೋಡಿ. ಬಳಸಿದವರು ಮೊದಲಿಗಿಂತ ಗಟ್ಟಿಯಾಗಿದ್ದಾರಾ, ಬಡವಾಗಿದ್ದಾರಾ?

ಎರಡನೆಯ ಬಗೆಯದು ಬೇಡವೇ ಬೇಡ ಎನ್ನಲಾರೆ. ಕ್ಯಾಲ್ಕುಲೇಟರ್ ನನ್ನ ಮೇಜಿನ ಮೇಲೂ ಇದೆ. ಆದರೆ ನೀವು ಈಗ ತಯಾರಿಸುತ್ತಿರುವುದರಲ್ಲಿ ಎರಡನೆಯ ಬಗೆಯದ್ದೇ ಹೆಚ್ಚಾಗುತ್ತಿದೆ. ಮೊದಲನೆಯ ಬಗೆಯದಾಗಿ ಮಾಡಬಹುದಾಗಿದ್ದ ಕಡೆಯೂ ಹಾಗೆ ಮಾಡುತ್ತಿಲ್ಲ. ಬೇಸರ ಅಲ್ಲಿ.

ದಾರಿ ತೋರಿಸುವ ಆ್ಯಪುಗಳನ್ನೇ ನೋಡಿ. ಲಂಡನ್ನಿನ ಕಪ್ಪು ಟ್ಯಾಕ್ಸಿ ಓಡಿಸಲು ಲೈಸೆನ್ಸ್ ಬೇಕಾದರೆ 'ದಿ ನಾಲೆಡ್ಜ್' ಎಂಬ ಪರೀಕ್ಷೆ ಪಾಸಾಗಬೇಕು. ಊರ ನಡುವಿನ ಚೇರಿಂಗ್ ಕ್ರಾಸಿನಿಂದ ಆರು ಮೈಲಿ ಒಳಗಿನ ಸುಮಾರು 25,000 ಬೀದಿಗಳು ತಲೆಯಲ್ಲಿರಬೇಕು. ಕಲಿಯಲು ಮೂರು ನಾಲ್ಕು ವರ್ಷ ಹಿಡಿಯುತ್ತದೆ. ಮಿದುಳಿನಲ್ಲಿ ಹಿಪೊಕ್ಯಾಂಪಸ್ ಎಂಬ ಭಾಗವಿದೆ. ಜಾಗ ಮತ್ತು ನೆನಪು ಎರಡಕ್ಕೂ ಅದು ಮುಖ್ಯ. ಈ ಚಾಲಕರಲ್ಲಿ ಅದರ ಹಿಂಬದಿ ಇತರರಿಗಿಂತ ದೊಡ್ಡದು ಎಂದು ಎಲಿನರ್ ಮಗ್ವಾಯರ್ ಮತ್ತು ಸಂಗಡಿಗರು 2000ದಲ್ಲಿ ತೋರಿಸಿದರು. ಅಂಥ ಮಿದುಳು ಇದ್ದವರೇ ಚಾಲಕರಾದರೋ ಏನೋ ಎಂಬ ಅನುಮಾನ ಉಳಿದಿತ್ತು. 2011ರಲ್ಲಿ ಕಲಿಯುತ್ತಿದ್ದವರನ್ನೇ ವರ್ಷಗಟ್ಟಲೆ ಹಿಂಬಾಲಿಸಿ ನೋಡಿದರು. ಪಾಸಾದವರಲ್ಲಿ ಆ ಭಾಗ ಬೆಳೆದಿತ್ತು. ಪಾಸಾಗದವರಲ್ಲಿ ಬೆಳೆದಿರಲಿಲ್ಲ. ಇನ್ನೊಂದು ತಂಡ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜನ ತಾವೇ ದಾರಿ ಹುಡುಕುವಾಗ ಹೊಸ ಬೀದಿಗೆ ತಿರುಗಿದಾಗಲೆಲ್ಲ ಹಿಪೊಕ್ಯಾಂಪಸ್ ಚುರುಕಾಗುತ್ತಿತ್ತು. ಯಂತ್ರ ಹೇಳಿದ ಹಾಗೆ ತಿರುಗುವಾಗ ಆ ಚುರುಕು ಕಾಣಲಿಲ್ಲ.

ಆಂಬುಲೆನ್ಸ್ ಓಡಿಸುವವರಿಗೆ, ಗೊತ್ತಿಲ್ಲದ ಊರಿಗೆ ರಾತ್ರಿ ಹೋಗಿ ಇಳಿದವರಿಗೆ ಈ ಆ್ಯಪ್ ದೊಡ್ಡ ಉಪಕಾರ. ಅದನ್ನು ಯಾರೂ ಅಲ್ಲಗಳೆಯಲಾರರು. ಆದರೆ ದಿನವೂ ಓಡಾಡುವ ದಾರಿಯಲ್ಲೂ ಅದು "ಇನ್ನೂರು ಮೀಟರ್ ಬಿಟ್ಟು ಎಡಕ್ಕೆ ತಿರುಗಿ" ಎನ್ನುತ್ತಲೇ ಇರುತ್ತದೆ. ಪೂರ್ತಿ ನಕ್ಷೆ ಕಣ್ಣಿಗೆ ಬೀಳುವುದಿಲ್ಲ. ನಾವು ತಿರುಗಿದಂತೆ ನಕ್ಷೆಯೂ ತಿರುಗುತ್ತದೆ, ಹಾಗಾಗಿ ಉತ್ತರ ಯಾವ ಕಡೆ ಎಂಬುದೂ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಹೊರಡುವ ಮುಂಚೆ ಇಡೀ ದಾರಿಯನ್ನು ಒಮ್ಮೆ ತೋರಿಸುವುದು, ದೊಡ್ಡ ಕೆರೆ, ಸೇತುವೆ, ಗೋಪುರ ಇಂಥ ಗುರುತುಗಳನ್ನು ಹೇಳುವುದು, ಐದಾರು ಸಲ ಹೋದ ದಾರಿಯಲ್ಲಿ ಮಾತು ಕಡಿಮೆ ಮಾಡುವುದು, ಇವು ನಿಮಗೆ ಕಷ್ಟದ ಕೆಲಸಗಳಲ್ಲ ಅಲ್ವಾ? ಅದೇ ಉಪಗ್ರಹ, ಅದೇ ನಕ್ಷೆ, ಅದೇ ಫೋನು ಸಾಕು.

ಇಟ್ಟಿಗೆ ಕಟ್ಟಿದ ಪೆನ್ಸಿಲಿಗೆ ಒಂದು ನಿಜವಾದ ಉದಾಹರಣೆ ಕೊಡುತ್ತೇನೆ. ಇದನ್ನು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಮನುಷ್ಯನ ಜೀನುಗಳಿಗೆ ವಿಜ್ಞಾನಿಗಳು ಚುಟುಕು ಹೆಸರು ಇಡುತ್ತಾರೆ. ಹಾಗೆ ಇಟ್ಟ ಹೆಸರುಗಳಲ್ಲಿ 'ಸೆಪ್ಟ್2', 'ಮಾರ್ಚ್1' ಎಂಬವೂ ಇದ್ದವು. ಮೈಕ್ರೋಸಾಫ್ಟ್ ಕಂಪನಿಯ ಸ್ಪ್ರೆಡ್‌ಶೀಟ್ ಆದ ಎಕ್ಸೆಲ್‌ನಲ್ಲಿ ಅವನ್ನು ಬರೆದ ಕೂಡಲೇ ಅದು ಸೆಪ್ಟೆಂಬರ್ 2, ಮಾರ್ಚ್ 1 ಎಂದು ತಾರೀಕು ಮಾಡಿಬಿಡುತ್ತಿತ್ತು. ಕೇಳುತ್ತಿರಲಿಲ್ಲ, ಹೇಳುತ್ತಲೂ ಇರಲಿಲ್ಲ. ಈ ತೊಂದರೆಯನ್ನು ಸಂಶೋಧಕರು 2004ರಲ್ಲೇ ಬರೆದು ಪ್ರಕಟಿಸಿದ್ದರು. 2016ರಲ್ಲಿ ಆಸ್ಟ್ರೇಲಿಯಾದ ಮೂವರು ವಿಜ್ಞಾನಿಗಳು, ಎಕ್ಸೆಲ್‌ನಲ್ಲಿ ಜೀನುಗಳ ಪಟ್ಟಿ ಲಗತ್ತಿಸಿದ್ದ ಸಂಶೋಧನಾ ಲೇಖನಗಳನ್ನು ಪರಿಶೀಲಿಸಿದರು. ಐದರಲ್ಲಿ ಒಂದರಷ್ಟರಲ್ಲಿ ಇಂಥ ತಪ್ಪು ಸೇರಿಕೊಂಡಿತ್ತು. ಕೊನೆಗೆ ಏನಾಯಿತು ಗೊತ್ತಾ? ಜೀನುಗಳ ಹೆಸರನ್ನೇ ಬದಲಾಯಿಸಿದರು. ಹೆಸರಿಡುವ ಅಂತರರಾಷ್ಟ್ರೀಯ ಸಮಿತಿ 2020ರಲ್ಲಿ 'ಸೆಪ್ಟ್' ಎಂಬುದನ್ನು 'ಸೆಪ್ಟಿನ್' ಎಂದೂ, 'ಮಾರ್ಚ್' ಎಂಬುದನ್ನು 'ಮಾರ್ಚ್‌ಎಫ್' ಎಂದೂ ಬದಲಿಸಿತು. ಈ ತಾನಾಗಿ ಬದಲಿಸುವ ಚಟವನ್ನು ಬಳಸುವವರೇ ನಿಲ್ಲಿಸಿಕೊಳ್ಳುವ ಆಯ್ಕೆಯನ್ನು ಮೈಕ್ರೋಸಾಫ್ಟ್ ಕೊಟ್ಟದ್ದು 2023ರಲ್ಲಿ.

ಸುಮಾರು ಇಪ್ಪತ್ತು ವರ್ಷ! ಅಷ್ಟು ವರ್ಷ ವಿಜ್ಞಾನಿಗಳು ಸಾಧನಕ್ಕೆ ಹೊಂದಿಕೊಂಡರು. ಸಾಧನ ಅವರಿಗೆ ಹೊಂದಿಕೊಳ್ಳಲಿಲ್ಲ. ಸ್ಪ್ರೆಡ್‌ಶೀಟ್ ಕೆಟ್ಟದ್ದು ಎಂದು ಮಾತ್ರ ತಿಳಿಯಬೇಡಿ. ನನ್ನ ಲೆಕ್ಕದಲ್ಲಿ ಕಳೆದ ಶತಮಾನ ಕೊಟ್ಟ ಅತ್ಯುತ್ತಮ ಯೋಚನಾ ಸಾಧನಗಳಲ್ಲಿ ಅದೂ ಒಂದು. 1979ರಲ್ಲಿ ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್ಸ್‌ಟನ್ ವಿಸಿಕ್ಯಾಲ್ಕ್ ಎಂಬ ಸ್ಪ್ರೆಡ್‌ಶೀಟ್ ತಂದಾಗ, ಒಂದು ಅಂಕಿ ಬದಲಿಸಿದರೆ ಉಳಿದವೆಲ್ಲ ತಾವೇ ಬದಲಾಗುವುದನ್ನು ಜನ ಮೊದಲ ಸಲ ಕಣ್ಣಾರೆ ಕಂಡರು. "ಹೀಗಾದರೆ ಏನಾಗುತ್ತದೆ? ಹಾಗಾದರೆ?" ಎಂದು ಕೇಳಿ ನೋಡುವುದು ಎಲ್ಲರ ಕೈಗೆ ಬಂತು. ಮೊದಲು ಒಂದು ಪ್ರಶ್ನೆಗೆ ಇಡೀ ದಿನ ಕೂಡಿ ಕಳೆಯಬೇಕಿತ್ತು. ಆ ಕೂಡಿ ಕಳೆಯುವ ದುಡಿಮೆಯನ್ನು ಯಂತ್ರ ತೆಗೆದುಕೊಂಡಿತು, ಪ್ರಶ್ನೆ ಕೇಳುವ ಕೆಲಸ ನಮಗೇ ಉಳಿಯಿತು. ನನಗೆ ಬೇಕಾದದ್ದು ಇಂಥ ಹಂಚಿಕೆ.

ಪವರ್‌ಪಾಯಿಂಟ್ ಸ್ಲೈಡುಗಳ ವಿಷಯ ಇದಕ್ಕಿಂತ ನೋವಿನದು. 2003ರ ಜನವರಿ 16ರಂದು ಕೊಲಂಬಿಯಾ ಗಗನನೌಕೆ ಮೇಲೇರಿದಾಗ, ಇಂಧನ ಟ್ಯಾಂಕಿನಿಂದ ಕಿತ್ತು ಬಂದ ಫೋಮಿನ ತುಂಡೊಂದು ಅದರ ಎಡ ರೆಕ್ಕೆಗೆ ಬಡಿಯಿತು. ನೌಕೆ ಇನ್ನೂ ಬಾಹ್ಯಾಕಾಶದಲ್ಲಿರುವಾಗಲೇ ಎಂಜಿನಿಯರುಗಳು ಸ್ಲೈಡುಗಳ ಮೂಲಕ ಅಧಿಕಾರಿಗಳಿಗೆ ವಿವರಿಸಿದರು. ಒಂದು ಸ್ಲೈಡಿನ ತಲೆಬರಹ ಧೈರ್ಯ ಕೊಡುವಂತಿತ್ತು. ಅದರ ತೀರಾ ಕೆಳಗೆ, ಚಿಕ್ಕ ಅಕ್ಷರದಲ್ಲಿ ಇನ್ನೊಂದು ಮಾತಿತ್ತು. ಬಡಿದ ತುಂಡಿನ ಗಾತ್ರ ಸುಮಾರು 1920 ಘನ ಅಂಗುಲ, ಹಿಂದೆ ಪರೀಕ್ಷೆ ಮಾಡಿದ್ದು 3 ಘನ ಅಂಗುಲದ ತುಂಡಿನ ಮೇಲೆ. ಅಂದರೆ 640 ಪಟ್ಟು ವ್ಯತ್ಯಾಸ. ಆ ಸ್ಲೈಡಿನಲ್ಲಿದ್ದ ಅತಿ ಮುಖ್ಯ ಮಾತು ಅದೇ. ಅದಕ್ಕೆ ಸಿಕ್ಕ ಜಾಗ ಕೊನೆಯದು. ಫೆಬ್ರವರಿ 1ರಂದು ನೌಕೆ ಹಿಂದಿರುಗುವಾಗ ಒಡೆದು, ಕಲ್ಪನಾ ಚಾವ್ಲಾ ಸೇರಿ ಏಳು ಜನ ತೀರಿಕೊಂಡರು. ದುರಂತಕ್ಕೆ ಸ್ಲೈಡೇ ಕಾರಣ ಎಂದರೆ ತಪ್ಪಾಗುತ್ತದೆ. ಕಾರಣಗಳು ಹಲವಿದ್ದವು. ಆದರೆ ತನಿಖಾ ಮಂಡಳಿ ತನ್ನ ವರದಿಯಲ್ಲಿ ಈ ಸ್ಲೈಡನ್ನೇ ತೋರಿಸಿ, ತಾಂತ್ರಿಕ ವರದಿಗಳ ಬದಲು ಸ್ಲೈಡುಗಳನ್ನು ನೆಚ್ಚಿಕೊಳ್ಳುವ ರೂಢಿಯನ್ನು ಟೀಕಿಸಿತು. ತುಂಡು ತುಂಡು ಸಾಲುಗಳಲ್ಲಿ ಬರೆದಾಗ "ಆದ್ದರಿಂದ", "ಆದರೆ", "ಹಾಗಿದ್ದರೂ" ಎಂಬ ಕೊಂಡಿಗಳು ಉದುರಿಹೋಗುತ್ತವೆ. ವಾದ ಅಂದರೆ ಆ ಕೊಂಡಿಗಳೇ ತಾನೆ?

ನೋಟಿಫಿಕೇಷನ್, ಮುಗಿಯದ ಫೀಡ್ ಇವುಗಳ ಬಗ್ಗೆ ಈಗಾಗಲೇ ಸಾಕಷ್ಟು ಜನ ಬರೆದಿದ್ದಾರೆ. ಹಾಗಾಗಿ ಎರಡೇ ಮಾತು. ಪರದೆಯ ಮೇಲೆ ಒಂದು ವಿಷಯಕ್ಕೆ ನಾವು ಸರಾಸರಿ ಎಷ್ಟು ಹೊತ್ತು ಗಮನ ಕೊಡುತ್ತೇವೆ ಎಂದು ಕ್ಯಾಲಿಫೋರ್ನಿಯಾದ ಪ್ರೊಫೆಸರ್ ಗ್ಲೋರಿಯಾ ಮಾರ್ಕ್ ವರ್ಷಗಳಿಂದ ಅಳೆಯುತ್ತಾ ಬಂದಿದ್ದಾರೆ. 2004ರ ಹೊತ್ತಿಗೆ ಅದು ಸುಮಾರು ಎರಡೂವರೆ ನಿಮಿಷ ಇತ್ತು. ಈಚಿನ ವರ್ಷಗಳಲ್ಲಿ ಸುಮಾರು 47 ಸೆಕೆಂಡಿಗೆ ಇಳಿದಿದೆ. ಒಂದು ಸಾಧಾರಣ ರೇಖಾಗಣಿತದ ಪ್ರಮೇಯ ತಲೆಗೆ ಹೋಗಲು 47 ಸೆಕೆಂಡು ಸಾಲುವುದಿಲ್ಲ. ಮುಗಿಯದ ಫೀಡನ್ನು 2006ರಲ್ಲಿ ರೂಪಿಸಿದ ಏಝಾ ರಾಸ್ಕಿನ್ ಆಮೇಲೆ ಅದಕ್ಕಾಗಿ ಬಹಿರಂಗವಾಗಿ ವಿಷಾದ ಹೇಳಿದ್ದಾರೆ. ಅವರ ಪ್ರಾಮಾಣಿಕತೆಗೆ ನನ್ನ ಗೌರವ ಇದೆ. ಫೀಡು ಮಾತ್ರ ಇವತ್ತಿಗೂ ಮುಗಿಯುವುದಿಲ್ಲ.

ಈಗ ಎಐ, ಅಂದರೆ ಕೃತಕ ಬುದ್ಧಿಮತ್ತೆಯ ವಿಷಯಕ್ಕೆ ಬರುತ್ತೇನೆ. ನಾನು ಈ ಪತ್ರ ಬರೆಯಲು ಮುಖ್ಯ ಕಾರಣ ಅದೇ.

ಟರ್ಕಿಯ ಒಂದು ಹೈಸ್ಕೂಲಿನಲ್ಲಿ ಸುಮಾರು ಸಾವಿರ ವಿದ್ಯಾರ್ಥಿಗಳ ಮೇಲೆ ಒಂದು ಪ್ರಯೋಗ ನಡೆಯಿತು. ಅದರ ವರದಿ 2025ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಬಂದಿದೆ. ವಿಷಯ ಗಣಿತ, ಹಾಗಾಗಿ ನಾನು ಗಮನ ಇಟ್ಟು ಓದಿದೆ. ಮಕ್ಕಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಪುಸ್ತಕ ಮತ್ತು ಟಿಪ್ಪಣಿ ಮಾತ್ರ. ಎರಡನೆಯದಕ್ಕೆ ಮಾಮೂಲಿ ಚಾಟ್‌ಬಾಟ್, ಕೇಳಿದರೆ ಉತ್ತರ ಕೊಡುವಂಥದ್ದು. ಮೂರನೆಯದಕ್ಕೆ ಅದೇ ಚಾಟ್‌ಬಾಟ್, ಆದರೆ ಶಿಕ್ಷಕರ ಸಲಹೆ ಪಡೆದು ತಿದ್ದಿದ್ದು. ಅದು ಉತ್ತರ ಹೇಳುವುದಿಲ್ಲ, ಸುಳಿವು ಕೊಡುತ್ತದೆ. ಅಭ್ಯಾಸ ಮಾಡುವಾಗ, ಎಐ ಇಲ್ಲದ ಗುಂಪಿಗೆ ಹೋಲಿಸಿದರೆ, ಎರಡನೆಯ ಗುಂಪು 48 ಶೇಕಡಾ ಚೆನ್ನಾಗಿ ಮಾಡಿತು. ಮೂರನೆಯದು 127 ಶೇಕಡಾ. ಆಮೇಲೆ ಎಐ ತೆಗೆದಿಟ್ಟು ಪರೀಕ್ಷೆ ಕೊಟ್ಟರು. ಮಾಮೂಲಿ ಚಾಟ್‌ಬಾಟ್ ಬಳಸಿದ್ದ ಮಕ್ಕಳು, ಎಐ ಮುಟ್ಟದೇ ಇದ್ದ ಮಕ್ಕಳಿಗಿಂತ 17 ಶೇಕಡಾ ಹಿಂದೆ ಬಿದ್ದರು. ಸುಳಿವು ಕೊಡುವ ಚಾಟ್‌ಬಾಟ್ ಬಳಸಿದವರಿಗೆ ಆ ನಷ್ಟ ಬಹುಮಟ್ಟಿಗೆ ತಪ್ಪಿತು.

ಮತ್ತೊಮ್ಮೆ ಗಮನಿಸಿ, ಒಳಗಿದ್ದ ಯಂತ್ರ ಎರಡರಲ್ಲೂ ಒಂದೇ. ಬದಲಾಗಿದ್ದು ಅದಕ್ಕೆ ಕೊಟ್ಟ ಸೂಚನೆ ಮಾತ್ರ. ಶಿಕ್ಷಕರ ನೆರವಿನಿಂದ ಬರೆದ ಸೂಚನೆ! ಇನ್ನೂ ಒಂದು ವಿಷಯ ಇದೆ. ಹಿಂದೆ ಬಿದ್ದ ಮಕ್ಕಳಿಗೆ ತಾವು ಹಿಂದೆ ಬಿದ್ದಿದ್ದೇವೆ ಎಂದು ಅನಿಸಿರಲಿಲ್ಲ. ನನ್ನ ಬೋರ್ಡಿನ ಮುಂದೆ ಸುಮ್ಮನೆ ನಿಲ್ಲುವ ಮಗುವಿನ ಕಥೆಯೂ ಇದೇ.

ದೊಡ್ಡವರಿಗೆ, ಪಳಗಿದವರಿಗೆ ಹೀಗಾಗುವುದಿಲ್ಲ ಎನ್ನುತ್ತೀರಾ? ಪೋಲೆಂಡಿನ ನಾಲ್ಕು ತಪಾಸಣಾ ಕೇಂದ್ರಗಳಲ್ಲಿ, ದೊಡ್ಡ ಕರುಳಿನ ಒಳಗೆ ಕ್ಯಾಮೆರಾ ಇಳಿಸಿ ಕ್ಯಾನ್ಸರ್‌ಗೆ ತಿರುಗಬಹುದಾದ ಗಡ್ಡೆ ಹುಡುಕುವ ಅನುಭವಿ ವೈದ್ಯರನ್ನು ಗಮನಿಸಿದರು. ಎಐ ಬರುವ ಮುಂಚೆ ಅವರು 28.4 ಶೇಕಡಾ ತಪಾಸಣೆಗಳಲ್ಲಿ ಅಂಥ ಗಡ್ಡೆ ಗುರುತಿಸುತ್ತಿದ್ದರು. ಎಐ ನೆರವು ರೂಢಿಯಾದ ಮೇಲೆ, ಅದಿಲ್ಲದೆ ಮಾಡಿದ ತಪಾಸಣೆಗಳಲ್ಲಿ ಅದು 22.4 ಶೇಕಡಾಗೆ ಇಳಿಯಿತು. ಈ ವರದಿ ಬಂದದ್ದು 2025ರಲ್ಲಿ. ಒಂದೇ ಅಧ್ಯಯನ ಹಿಡಿದು ಕೊನೆಯ ತೀರ್ಪು ಕೊಡಬಾರದು, ಒಪ್ಪುತ್ತೇನೆ. ಆದರೆ ಇದನ್ನು ಯಾರೂ ಊಹಿಸಿರಲಿಲ್ಲ ಎನ್ನುವ ಹಾಗಿಲ್ಲ. ಲಿಸಾನ್ ಬೇನ್‌ಬ್ರಿಜ್ ಎಂಬ ಮನೋವಿಜ್ಞಾನಿ 1983ರಲ್ಲೇ ಎಚ್ಚರಿಸಿದ್ದರು. ಯಂತ್ರ ಸುಲಭದ ಕೆಲಸವನ್ನೆಲ್ಲ ತಾನು ಮಾಡಿ, ಕೈಲಾಗದ ಕಷ್ಟದ ಹೊತ್ತಿನಲ್ಲಿ ಮನುಷ್ಯನಿಗೆ ಬಿಟ್ಟುಕೊಡುತ್ತದೆ. ಅಷ್ಟರಲ್ಲಿ ಮನುಷ್ಯನಿಗೆ ಅಭ್ಯಾಸ ತಪ್ಪಿರುತ್ತದೆ.

ನಿಮ್ಮ ಉತ್ತರ ನನಗೆ ಗೊತ್ತು. "ಜನಕ್ಕೆ ಸುಲಭವಾದದ್ದು ಬೇಕು, ನಾವು ಕೊಡುತ್ತೇವೆ. ಬೇಡದವರು ಬಳಸದಿರಲಿ." ಇದರಲ್ಲಿ ಅರ್ಧ ನಿಜ ಇದೆ. ಸುಲಭ ಆಗಬೇಕಾದ್ದು ಬಹಳ ಇದೆ. ಕಣ್ಣು ಕಾಣದವರಿಗೆ ಫೋನು ಓದಿ ಹೇಳುವುದು, ಓದುವುದೇ ಕಷ್ಟವಾಗುವ ಮಗುವಿಗೆ ಅಕ್ಷರಗಳನ್ನು ಧ್ವನಿಯಾಗಿ ಕೇಳಿಸುವುದು, ಕೈ ನಡುಗುವವರಿಗೆ ಮಾತಿನಿಂದಲೇ ಬರೆಯಲು ಬಿಡುವುದು, ಇವುಗಳಿಂದ ಯೋಚನೆಯ ಬಾಗಿಲು ತೆರೆದಿದೆ. ಇವುಗಳಲ್ಲಿ ಒಂದನ್ನೂ ಕಮ್ಮಿ ಮಾಡಬೇಡಿ. ನಾನು ಕೇಳುವುದು ಬೇರೆ. ಕಲಿಯಲು ಬೇಕೇ ಬೇಕಾದ ಕಷ್ಟ ಒಂದಿದೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು ಮನೋವಿಜ್ಞಾನಿಗಳು ಇದನ್ನು ಚೆನ್ನಾಗಿ ತೋರಿಸಿದರು. ಒಂದು ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷ ಬಿಟ್ಟು ಕೇಳಿದಾಗ ಮುಂದಿದ್ದರು. ಓದಿ, ಪುಸ್ತಕ ಮುಚ್ಚಿ, ನೆನಪಿನಿಂದ ಬರೆಯಲು ಒದ್ದಾಡಿದವರು ಒಂದು ವಾರ ಬಿಟ್ಟು ಕೇಳಿದಾಗ ಮುಂದಿದ್ದರು. ಆ ಒದ್ದಾಟವೇ ಕಲಿಕೆ. ನಿಮ್ಮ ಸಾಧನ ಅದನ್ನು ತೊಂದರೆ ಎಂದು ತಿಳಿದು ಅಳಿಸಿಹಾಕುತ್ತದೆ.

"ಬೇಡದವರು ಬಳಸದಿರಲಿ" ಎಂಬ ಇನ್ನರ್ಧ ಸುಳ್ಳು. ಯಾಕೆಂದರೆ ಹೆಚ್ಚಿನ ಜನ ಸೆಟ್ಟಿಂಗ್ ಬದಲಿಸುವುದಿಲ್ಲ. ನೀವು ಮೊದಲೇ ಹೇಗಿಟ್ಟು ಕೊಡುತ್ತೀರೋ ಹಾಗೇ ಬಳಸುತ್ತಾರೆ. ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಹಾಗಾಗಿ ಮೊದಲು ಹೇಗಿಟ್ಟು ಕೊಡುತ್ತೀರಿ ಎಂಬುದೇ ಇಡೀ ಪ್ರಶ್ನೆ.

ನನ್ನ ವಿನಂತಿಗಳನ್ನು ಈಗ ಹೇಳುತ್ತೇನೆ. ನಾವು ಬರೆದದ್ದನ್ನು ನಮ್ಮನ್ನು ಕೇಳದೆ ಬದಲಿಸಬೇಡಿ. ಬದಲಿಸಲೇಬೇಕಾದರೆ ಬಣ್ಣ ಹಚ್ಚಿ ತೋರಿಸಿ, ಒಂದೇ ಒತ್ತಿಗೆ ಹಿಂದಕ್ಕೆ ಹೋಗುವಂತಿರಲಿ, ಪೂರ್ತಿ ನಿಲ್ಲಿಸುವ ಗುಂಡಿಯೂ ಮೊದಲ ದಿನದಿಂದಲೇ ಇರಲಿ. ನಮ್ಮ ಟಿಪ್ಪಣಿಗಳನ್ನು ಬೇರೆ ಕಡೆಗೆ ಸರಳ ರೂಪದಲ್ಲಿ ತೆಗೆದುಕೊಂಡು ಹೋಗಲು ಬಿಡಿ. ವರ್ಷಗಟ್ಟಲೆ ಯೋಚಿಸಿ ಬರೆದದ್ದು ಒಂದು ಆ್ಯಪ್ ಮುಚ್ಚಿದ ಕೂಡಲೇ ಕಳೆದುಹೋಗಬಾರದು. ನೋಟಿಫಿಕೇಷನ್‌ಗಳು ಮೊದಲಿಗೆ ಮುಚ್ಚಿರಲಿ, ಬೇಕಾದವರು ತೆರೆದುಕೊಳ್ಳುತ್ತಾರೆ. ಫೀಡಿಗೆ ಒಂದು ಕೊನೆ ಇಡಿ.

ಎಐ ವಿಷಯದಲ್ಲಿ ಸ್ವಲ್ಪ ಜಾಸ್ತಿ ಕೇಳುತ್ತೇನೆ. ವಿದ್ಯಾರ್ಥಿಗಳು ಬಳಸುವಲ್ಲಿ, ಸುಳಿವು ಕೊಡುವ ರೀತಿಯೇ ಮಾಮೂಲಿ ರೀತಿಯಾಗಲಿ. ಅದಕ್ಕೆ ಬೇರೆ ಹೆಸರಿಟ್ಟು, ನಾಲ್ಕು ಮೆನುಗಳ ಒಳಗೆ ಬಚ್ಚಿಟ್ಟರೆ ಪ್ರಯೋಜನ ಇಲ್ಲ. ಉತ್ತರ ಕೊಡುವ ಮುಂಚೆ "ನೀನು ಎಲ್ಲಿವರೆಗೆ ಬಂದೆ? ನಿನ್ನ ಊಹೆ ಏನು?" ಎಂದು ಒಮ್ಮೆ ಕೇಳಲಿ. ಮಗು ತಪ್ಪು ಊಹೆ ಹೇಳಿದರೂ ಪರವಾಗಿಲ್ಲ. ಊಹೆ ಮಾಡಿದ ಮೇಲೆ ಸರಿಯುತ್ತರ ಬೇರೆ ರೀತಿಯಲ್ಲೇ ಕಿವಿಗೆ ಬೀಳುತ್ತದೆ, ಇದನ್ನು ಯಾವ ಶಿಕ್ಷಕರನ್ನು ಕೇಳಿದರೂ ಹೇಳುತ್ತಾರೆ. ಖಚಿತವಾಗಿ ಗೊತ್ತಿರುವುದನ್ನೂ ಅಂದಾಜನ್ನೂ ಒಂದೇ ಧಾಟಿಯಲ್ಲಿ ಹೇಳಬೇಡಿ. ಯಂತ್ರ ಎಲ್ಲವನ್ನೂ ಅದೇ ಆತ್ಮವಿಶ್ವಾಸದಲ್ಲಿ ಹೇಳಿದರೆ ಅನುಮಾನ ಪಡುವುದನ್ನು ಮಕ್ಕಳು ಎಲ್ಲಿ ಕಲಿಯಬೇಕು? ವೈದ್ಯರು, ಪೈಲಟ್‌ಗಳು, ಎಂಜಿನಿಯರುಗಳು ಬಳಸುವ ಸಾಧನಗಳಲ್ಲಿ, ನೆರವಿಲ್ಲದೆ ಕೆಲಸ ಮಾಡುವ ಸರದಿಯೂ ವ್ಯವಸ್ಥೆಯ ಒಳಗೇ ಇರಲಿ.

ಇವೆಲ್ಲ ಆಗದ ಮಾತು ಎಂದು ನನಗೆ ಅನಿಸುವುದಿಲ್ಲ. ಲಿಂಡಾ ಹೆಂಕೆಲ್ ಎಂಬ ಪ್ರೊಫೆಸರ್ 2014ರಲ್ಲಿ ಪ್ರಕಟಿಸಿದ ಒಂದು ಚಿಕ್ಕ ಅಧ್ಯಯನ ನನಗೆ ಭರವಸೆ ಕೊಟ್ಟಿದೆ. ವಸ್ತುಸಂಗ್ರಹಾಲಯದಲ್ಲಿ ಸುಮ್ನೆ ಫೋಟೋ ತೆಗೆಯುತ್ತಾ ಹೋದವರಿಗೆ ಆ ವಸ್ತುಗಳ ನೆನಪು ಕಡಿಮೆ ಇತ್ತು. ಒಂದು ವಸ್ತುವಿನ ಯಾವುದೋ ಒಂದು ಭಾಗಕ್ಕೆ ಜೂಮ್ ಮಾಡಿ ತೆಗೆದಾಗ ನೆನಪಿಗೆ ಆ ಪೆಟ್ಟು ಬೀಳಲಿಲ್ಲ. ಕ್ಯಾಮೆರಾ ಎರಡರಲ್ಲೂ ಇತ್ತು. ಜೂಮ್ ಮಾಡಲು ಒಂದು ಕ್ಷಣ ದಿಟ್ಟಿಸಿ ನೋಡಬೇಕು, ಅಷ್ಟೇ ವ್ಯತ್ಯಾಸ. ನಿಮ್ಮ ಸಾಧನಗಳಲ್ಲಿ ಅಂಥ ಒಂದು ಕ್ಷಣಕ್ಕೆ ಜಾಗ ಮಾಡಿಕೊಡಿ ಎಂದು ಕೇಳುತ್ತಿದ್ದೇನೆ.

ಕೊನೆಯ ವಿನಂತಿ, ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. ನಿಮ್ಮ ಸಾಧನವನ್ನು ಕೆಲವು ತಿಂಗಳು ಬಳಸಿದವರಿಂದ ಅದನ್ನು ತೆಗೆದಿಟ್ಟು, ಅದೇ ಕೆಲಸ ಕೊಟ್ಟು ನೋಡಿದ್ದೀರಾ? ನೋಡಿದ್ದರೆ ಫಲಿತಾಂಶವನ್ನು ಪ್ರಕಟಿಸಿ, ಚೆನ್ನಾಗಿ ಬಂದಿದ್ದರೂ ಸರಿ, ಬರದಿದ್ದರೂ ಸರಿ. ನೋಡಿಲ್ಲದಿದ್ದರೆ ಮುಂದಿನ ಆವೃತ್ತಿ ಬಿಡುವ ಮುಂಚೆ ನೋಡಿ. ಅಂಥ ಪರೀಕ್ಷೆಗೆ ಪ್ರಶ್ನೆಗಳು ಬೇಕಾದರೆ ನನ್ನಂಥ ಶಿಕ್ಷಕರು ಬರೆದುಕೊಡುತ್ತೇವೆ. ಉತ್ತರಪತ್ರಿಕೆಗಳನ್ನೂ ತಿದ್ದಿಕೊಡುತ್ತೇವೆ. ಮಕ್ಕಳು ಯಾವ ಹಂತದಲ್ಲಿ ನಿಂತರು, ಯಾಕೆ ನಿಂತರು ಎಂಬುದನ್ನು ಕೂತು ವಿವರಿಸುತ್ತೇವೆ. ಕರೆದರೆ ಸಾಕು, ಬರುತ್ತೇವೆ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಗಣಿತ ಶಿಕ್ಷಕಿ